ದೊಡ್ಡಮ್ಮನ ವೇಗ

ದೊಡ್ಡಮ್ಮನಿಗೆ ಉಚ್ಚೆ ಅರ್ಜೆಂಟಾಗಿತ್ತು. ಆದದ್ದೆಲ್ಲ ಇದರಿಂದಲೇ ಆಯಿತು. ಓದುವವರಿಗೆ ಮುಜುಗರವಾದರೆ ಆಗಲಿ. ದೊಡ್ಡಮ್ಮನಿಗೆ ಆದದ್ದಕ್ಕಿಂತ ಹೆಚ್ಚೇನೂ ಆಗುವುದಿಲ್ಲ.

ಅವಳು ಕೆಲಸಕ್ಕಿದ್ದದ್ದು ಮೇಲಿಂದ ಕೆಳಗಿನವರೆಗೆ ಬರೀ ಗಾಜೇ ಇರುವ ಒಂದು ಕಂಪನಿಯ ಕಟ್ಟಡದಲ್ಲಿ. ಪ್ರತಿ ಮಹಡಿಯಲ್ಲೂ ಗಂಡಸರಿಗೊಂದು, ಹೆಂಗಸರಿಗೊಂದು ಕಕ್ಕಸು. ಕಕ್ಕಸು ಅಂದರೆ ಅಲ್ಲಿನವರು ಮೂಗು ಮುರಿಯುತ್ತಿದ್ದರು, ವಾಷ್‌ರೂಮ್ ಅನ್ನಬೇಕಿತ್ತು. ಹೆಸರು ಏನಾದರೂ ಇರಲಿ, ಎಲ್ಲರೂ ಒಳಗೆ ಬಿಟ್ಟುಹೋಗುವುದು ಒಂದೇ. ದೊಡ್ಡಮ್ಮ ಮತ್ತು ಅವಳ ಜೊತೆಯ ಹೆಂಗಸರು ಅದನ್ನು ಬೆಳಗಿನಿಂದ ಸಂಜೆಯವರೆಗೆ ಉಜ್ಜುತ್ತಿದ್ದರು. ಬಗ್ಗಬೇಕು, ಉಜ್ಜಬೇಕು, ನೀರು ಹಾಕಬೇಕು, ಸಿಂಕಿಗೆ ಸಿಕ್ಕಿಕೊಂಡ ಕೂದಲನ್ನು ಬೆರಳಲ್ಲಿ ಎಳೆಯಬೇಕು, ಬುಟ್ಟಿಗೆ ಗುರಿ ತಪ್ಪಿ ಬಿದ್ದ ಪ್ಯಾಡುಗಳನ್ನು ಎತ್ತಬೇಕು, ಆಮೇಲೆ ಕನ್ನಡಿ ಒರೆಸಿ ಹೂವಿನ ವಾಸನೆಯ ಪಿಚಕಾರಿ ಹೊಡೆಯಬೇಕು. ಎಲ್ಲ ಮಾಡಬಹುದಿತ್ತು. ಕೂರುವ ಹಾಗಿರಲಿಲ್ಲ. ಬಾಗಿಲ ಮೇಲೆ ‘ಸಿಬ್ಬಂದಿಗೆ ಮಾತ್ರ’ ಎಂಬ ಹಲಗೆಯಿತ್ತು. ಇವರು ಸಿಬ್ಬಂದಿಯಲ್ಲ, ಗುತ್ತಿಗೆಯವರು. ಆ ಹಲಗೆಯನ್ನು ದಿನಾ ಒರೆಸಿ ಹೊಳೆಯುವ ಹಾಗೆ ಇಡುತ್ತಿದ್ದವರೂ ಇವರೇ.

ಹಿಂದೊಮ್ಮೆ ಒಬ್ಬಳು ತಡೆಯಲಾರದೆ ಮೇಲಿನ ಮಹಡಿಯಲ್ಲೇ ಹೋಗಿ ಕೂತಿದ್ದಳು. ಬಾಗಿಲ ಕೆಳಗಿನ ಸಂದಿಯಲ್ಲಿ ಅವಳ ರಬ್ಬರ್ ಚಪ್ಪಲಿ ಕಂಡಿತು. ಯಾರೋ ಪುಣ್ಯಾತ್ಗಿತ್ತಿ ಬಗ್ಗಿ ಅದರ ಫೋಟೋ ಹೊಡೆದು ಆಫೀಸಿನ ಗುಂಪಿಗೆ ಹಾಕಿದಳು. ‘ನಮ್ಮ ಸುರಕ್ಷತೆಯ ಗತಿಯೇನು?’ ಎಂದು ಕೆಳಗೊಂದು ಸಾಲು. ಸಂಜೆಯೊಳಗೆ ಆ ಚಪ್ಪಲಿಯವಳ ಕೆಲಸ ಹೋಯಿತು. ಉಚ್ಚೆ ಹೊಯ್ಯುವವಳಿಂದ ಯಾರ ಸುರಕ್ಷತೆಗೆ ಏನಾಗುತ್ತದೋ ಇವತ್ತಿಗೂ ಯಾರೂ ಬಿಡಿಸಿ ಹೇಳಿಲ್ಲ.

ಇವರ ಕಕ್ಕಸು ಇದ್ದದ್ದು ಕೆಳಗೆ, ಕಾರು ನಿಲ್ಲಿಸುವ ಬೇಸ್‌ಮೆಂಟಿನ ಕೊನೆಯ ಮೂಲೆಯಲ್ಲಿ, ಜನರೇಟರ್ ಪಕ್ಕ. ಚಿಲಕ ಅರ್ಧ ಕಿತ್ತುಬಂದ ಬಾಗಿಲು, ಒಂದು ಬಕೆಟ್ಟು, ಒಂದು ಬಲ್ಬು. ಅದಾದರೂ ಇತ್ತಲ್ಲ, ಹೇಗೋ ನಡೆಯುತ್ತಿತ್ತು. ಅಷ್ಟರಲ್ಲಿ ಆ್ಯಪ್ ಬಂತು.

ಕಂಪನಿ ಅದಕ್ಕೆ ‘ಜೊತೆಗಾತಿ’ ಎಂದು ಹೆಸರಿಟ್ಟಿತ್ತು. ಹೆಂಗಸರು ‘ಫೋನತ್ತೆ’ ಎಂದು ಕರೆದರು. ಕೈಗೊಂದು ಫೋನು ಕೊಟ್ಟು ಸಮವಸ್ತ್ರದ ಜೇಬಿನಲ್ಲಿ ಇಟ್ಟುಕೊಂಡೇ ಓಡಾಡಬೇಕು ಅಂದರು. ಯಾವ ಕಕ್ಕಸಿಗೆ ಹೋದರು, ಎಷ್ಟು ಹೊತ್ತು ಇದ್ದರು, ನಡೆದರೋ ನಿಂತರೋ, ಎಲ್ಲ ಅದಕ್ಕೆ ಗೊತ್ತಾಗುತ್ತಿತ್ತು. ಸ್ವಲ್ಪ ಹೊತ್ತು ನಿಂತರೆ ಕುಂಯ್ ಅನ್ನುತ್ತಿತ್ತು. ಇನ್ನೂ ಸ್ವಲ್ಪ ನಿಂತರೆ ಸೂಪರ್‌ವೈಸರ್ ಫೋನಿಗೆ ಚಾಡಿ ಹೇಳುತ್ತಿತ್ತು.

“ನಾನೂ ಅತ್ತೇನೇ ಕಣ್ರೇ. ನಾನೆಲ್ಲಿ ಇಷ್ಟು ಕೆಟ್ಟವಳು?” ಎಂದು ದೊಡ್ಡಮ್ಮ ಕೇಳಿದಳು. ಅವಳ ಮಗನ ಹೆಂಡತಿಯೂ ಅದೇ ಕಟ್ಟಡದಲ್ಲಿ ಕೆಲಸಕ್ಕಿದ್ದಳು.

“ನೀವು ಕಕ್ಕಸಿನ ತನಕ ಹಿಂದೆ ಬರಲ್ಲ ಅತ್ತೆ. ಅಷ್ಟು ವ್ಯತ್ಯಾಸ ಇದೆ,” ಅಂದಳು ಸೊಸೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗು ಬಹಳ ದಿನ ಉಳಿಯಲಿಲ್ಲ. ಬೇಸ್‌ಮೆಂಟಿನಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ಕೆಳಗೆ ಇಳಿದ ಕೂಡಲೇ ಫೋನತ್ತೆ ಕೆಂಪಕ್ಷರದಲ್ಲಿ ‘ನಾಪತ್ತೆ’ ಎಂದು ಬರೆಯುತ್ತಿದ್ದಳು. ನಾಪತ್ತೆಯಾದರೆ ಅರ್ಧ ದಿನ ಗೈರು. ಸೂಪರ್‌ವೈಸರನಿಗೆ ಇವರಿಟ್ಟ ಹೆಸರು ಸೀಟಿ, ಮಾತಿಗೆ ಮೊದಲು ಬಾಯಲ್ಲೊಂದು ಸೀಟಿ ಹೊಡೆಯುತ್ತಿದ್ದ. ಹೆಂಗಸರು ಹೋಗಿ ಅವನಿಗೆ ವಿಷಯ ಹೇಳಿದರು. ಅವನು ಸೀಟಿ ಹೊಡೆದು, “ಮನೇಲೇ ಮುಗಿಸ್ಕೊಂಡು ಬನ್ನಿ,” ಅಂದ.

“ನೀನೂ ಸಿಗರೇಟು ಮನೇಲೇ ಮುಗಿಸ್ಕೊಂಡು ಬಾರಪ್ಪ,” ಅಂದಳು ರೇಡಿಯೋ. ಅವಳ ಬಾಯಿಗೆ ಬಿಡುವಿಲ್ಲದ್ದರಿಂದ ಆ ಹೆಸರು. ಅವತ್ತು ಅವಳಿಗೆ ಹಿತ್ತಲಿನ ಕಸದ ಡಬ್ಬಗಳನ್ನೆಲ್ಲ ತೊಳೆಯುವ ಶಿಕ್ಷೆಯಾಯಿತು.

ಹೆಂಗಸರು ನೀರು ಕುಡಿಯುವುದನ್ನು ಬಿಟ್ಟರು. ಬಾಯಿ ಒಣಗಿತು, ತಲೆ ಸಿಡಿಯಿತು, ಕೆಲವರಿಗೆ ಉರಿ ಶುರುವಾಯಿತು. ದೊಡ್ಡಮ್ಮನದು ಎಲ್ಲರಿಗಿಂತ ಕಷ್ಟ. ಅವಳಿಗೆ ಸಕ್ಕರೆ ಕಾಯಿಲೆ. ನೀರು ಕುಡಿಯದಿದ್ದರೆ ಕಣ್ಣು ಕತ್ತಲೆ, ಕುಡಿದರೆ ಗಳಿಗೆಗೊಮ್ಮೆ ಓಡಬೇಕು. ಮೂರು ಹೆತ್ತು ಸಡಿಲಾದ ಮೈ, ಹೇಳಿದ ಮಾತು ಕೇಳುತ್ತಿರಲಿಲ್ಲ. ತೊಡೆಗೆ ತೊಡೆ ಒತ್ತಿಕೊಂಡು, ಹಲ್ಲು ಕಚ್ಚಿಕೊಂಡು, ಬೇರೆಯವರು ಹೋಗಲಿ ಎಂದು ಕಕ್ಕಸಿನ ಬೋಗುಣಿ ತಿಕ್ಕುತ್ತಿದ್ದಳು. ಆ ಹೊತ್ತಿನಲ್ಲಿ ನಲ್ಲಿಯ ನೀರಿನ ಸದ್ದು ಕೇಳುವುದಿದೆಯಲ್ಲ, ಅದು ಹಗೆಗೂ ಬೇಡ.

ದಾರಿ ಹುಡುಕಿದವಳು ಸೊಸೆ. ಫೋನತ್ತೆ ಕಾಯುವುದು ಫೋನನ್ನು, ಮೈಯನ್ನಲ್ಲ ಎಂದು ಅವಳ ತಲೆಗೆ ಹೊಳೆಯಿತು. “ಅತ್ತೆ, ನಿಮ್ಮ ಫೋನ್ ನನ್ನ ಜೇಬಿಗೆ ಹಾಕಿ, ನೀವು ಕೆಳಗೆ ಹೋಗಿ ಬನ್ನಿ,” ಅಂದಳು. ದೊಡ್ಡಮ್ಮ ಹೋಗಿ, ನೆಮ್ಮದಿಯಾಗಿ ಕೂತು, ಎದ್ದು ಬಂದಳು. ಫೋನು ಮೇಲೆ ಸೊಸೆಯ ಜೊತೆ ಎರಡು ಕಕ್ಕಸು ತೊಳೆದು ಮುಗಿಸಿತ್ತು. ಫೋನತ್ತೆ ‘ಭೇಷ್’ ಎಂದು ಹಸಿರು ಗುರುತು ಹಾಕಿದ್ದಳು.

ಅಲ್ಲಿಂದ ಅದೊಂದು ಪದ್ಧತಿಯಾಯಿತು. ಯಾರಿಗೆ ಅರ್ಜೆಂಟಾದರೂ ಪಕ್ಕದವಳ ಹತ್ತಿರ ಹೋಗಿ, “ಸ್ವಲ್ಪ ಅತ್ತೇನ ನೋಡ್ಕೊಳ್ಳೇ,” ಅನ್ನುವುದು. ಫೋನು ಕೈ ಬದಲಾಗುವುದು. ಗಾಜಿನ ಕಟ್ಟಡದಲ್ಲಿ ಕೂತು ದೊಡ್ಡ ದೊಡ್ಡ ಲೆಕ್ಕ ಹಾಕುವವರು ಯಾರಿಗೂ ಇದರ ವಾಸನೆ ಹತ್ತಲಿಲ್ಲ. ಸೀಟಿಯ ಎದುರೇ ಹೇಳುತ್ತಿದ್ದರು. ಅವನು ಪಾಪ, ಇವರ ಮನೆಯಲ್ಲಿ ಯಾರೋ ಮುದುಕಿಗೆ ಹುಷಾರಿಲ್ಲ ಅಂದುಕೊಂಡಿದ್ದ.

ಎಲ್ಲರಿಗಿಂತ ಹೆಚ್ಚು ಕೆಳಗೆ ಹೋಗುತ್ತಿದ್ದವಳು ದೊಡ್ಡಮ್ಮ. ಅದರಿಂದ ಎಲ್ಲರಿಗಿಂತ ಹೆಚ್ಚು ಕೈ ಬದಲಾಗುತ್ತಿದ್ದದ್ದೂ ಅವಳ ಫೋನೇ. ಸೊಸೆ ದಣಿದು ಬಕೆಟ್ಟಿನ ಮೇಲೆ ಕೂತರೆ ಅದು ರೇಡಿಯೋಳ ಜೇಬಿಗೆ, ಅವಳು ನಿಂತರೆ ಇನ್ನೊಬ್ಬಳ ಜೇಬಿಗೆ. ಉಳಿದವರ ಫೋನು ಅವರ ಜೊತೆಯೇ ಕೂತು ಸುಧಾರಿಸಿಕೊಳ್ಳುತ್ತಿತ್ತು. ದೊಡ್ಡಮ್ಮನ ಫೋನು ಮಾತ್ರ ಒಂದು ಗಳಿಗೆ ಕೂರಲಿಲ್ಲ. ಸಿಕ್ಕಿಬಿದ್ದರೆ ಫೋನತ್ತೆ ಬೈಯುತ್ತಾಳೆ ಎಂಬ ಹೆದರಿಕೆ ಎಲ್ಲರಿಗೂ ಇತ್ತು. ಹೊಗಳಿಬಿಟ್ಟರೆ ಏನು ಗತಿ ಎಂದು ಯಾರೂ ಯೋಚಿಸಿರಲಿಲ್ಲ.

ಒಂದು ಬೆಳಿಗ್ಗೆ ಸೀಟಿ ಹಲ್ಲು ಕಿರಿಯುತ್ತಾ ಬಂದ. ಅವನಿಗೆ ಹಲ್ಲಿದೆ ಎಂದು ಇವರಿಗೆ ಗೊತ್ತಾದದ್ದೇ ಅವತ್ತು. ಹಿಂದೆ ಎಚ್‌ಆರ್ ಮೇಡಂ. ಗುತ್ತಿಗೆಯವರು ಬ್ಯಾಗು ಇಡುವ ಕೋಣೆಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಮೂಗಿನ ಹತ್ತಿರ ಕರವಸ್ತ್ರ ಹಿಡಿದುಕೊಂಡೇ ಬಂದಳು.

“ದೊಡ್ಡಮ್ಮ ಅಂದ್ರೆ ಯಾರು?”

ದೊಡ್ಡಮ್ಮ ಕೈ ಎತ್ತಿದಳು. ಕೆಲಸ ಹೋಯಿತು ಅಂದುಕೊಂಡಳು.

“ಕಂಗ್ರಾಚುಲೇಶನ್ಸ್! ನಮ್ಮ ಎಲ್ಲಾ ಬ್ರಾಂಚುಗಳಲ್ಲೂ ನೀವೇ ಫಸ್ಟ್! ಈ ವಯಸ್ಸಲ್ಲಿ ಒಂದು ನಿಮಿಷ ಕೂತಿಲ್ಲವಲ್ಲ ಆಂಟಿ ನೀವು!”

ರೇಡಿಯೋ ಕೆಮ್ಮಿದಳು. ಸೊಸೆ ನಗು ತಡೆಯಲು ನೆಲ ಒರೆಸುವ ಬಟ್ಟೆಯನ್ನೇ ಬಾಯಿಗೆ ತುರುಕಿಕೊಳ್ಳಲು ಹೋಗಿ ಬಿಟ್ಟಳು. ಎಚ್‌ಆರ್ ಮೇಡಂ ದೊಡ್ಡಮ್ಮನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡಳು. ಕೈ ಹಾಕಿದ ಹಾಗೆ ಕಾಣುತ್ತಿತ್ತು ಅಷ್ಟೇ, ಬಟ್ಟೆಗೆ ತಾಗಿರಲಿಲ್ಲ.

ಮಧ್ಯಾಹ್ನದೊಳಗೆ ಆ ಫೋಟೋ ಊರೆಲ್ಲ ಹರಡಿತು. ಕಂಪನಿಯ ದೊಡ್ಡ ಸಾಹೇಬ ಅದರ ಜೊತೆ ಉದ್ದಕ್ಕೆ ಬರೆದಿದ್ದ. ‘ಇವತ್ತು ಲಿಫ್ಟಿನಲ್ಲಿ ಒಬ್ಬ ತಾಯಿ ಸಿಕ್ಕರು. ಕೈಯಲ್ಲಿ ಪೊರಕೆ. ಕಣ್ಣಲ್ಲಿ ಬೆಳಕು. ಸುಸ್ತಾಗಲ್ವೇನಮ್ಮ ಎಂದೆ. ಕೆಲಸವೇ ನನಗೆ ವಿಶ್ರಾಂತಿ ಮಗಾ ಎಂದರು. ನಾನು ಅತ್ತುಬಿಟ್ಟೆ.’ ಸೊಸೆ ಇದನ್ನು ಜೋರಾಗಿ ಓದಿ ಹೇಳಿದಳು. ದೊಡ್ಡಮ್ಮ ಸಾಹೇಬನನ್ನು ಹತ್ತಿರದಿಂದ ನೋಡಿದವಳೇ ಅಲ್ಲ. ಅವನ ಲಿಫ್ಟಿಗೆ ಇವರು ಹತ್ತುವ ಹಾಗೇ ಇರಲಿಲ್ಲ, ಸಾಮಾನು ಸಾಗಿಸುವ ಲಿಫ್ಟು ಬೇರೆ ಇತ್ತು.

“ಯಾವಾಗ ಅಳಿಸಿದ್ರಿ ಅತ್ತೆ ಪಾಪ ಅವರನ್ನ?”

“ನನಗೇನೇ ಗೊತ್ತು. ಕೆಳಗೆ ಹೋಗಿದ್ದಾಗ ಫೋನೇ ಅಳಿಸಿರಬೇಕು.”

ಆ ಬರಹದ ಕೆಳಗೆ ಜನ ಸಾಲುಸಾಲಾಗಿ ಹೃದಯ ಒತ್ತಿದ್ದರು, ಕೈ ಮುಗಿದಿದ್ದರು, ಕಣ್ಣೀರು ಸುರಿಸಿದ್ದರು. ಚಪ್ಪಲಿ ಫೋಟೋ ಹೊಡೆದವಳೂ ಒಂದು ಹೃದಯ ಒತ್ತಿದ್ದಳು.

ಸುಳ್ಳು ಯಾಕೆ ಹೇಳಬೇಕು, ದೊಡ್ಡಮ್ಮ ಒಳಗೊಳಗೇ ಉಬ್ಬಿಹೋದಳು. ಯಾರು ತಾನೇ ಉಬ್ಬುವುದಿಲ್ಲ? ಇಷ್ಟು ವರ್ಷ ಅವಳು ಒರೆಸುತ್ತಿದ್ದರೆ ಅವಳ ಕೈಯನ್ನೇ ದಾಟಿಕೊಂಡು ಹೋಗುತ್ತಿದ್ದ ಜನ ಈಗ ನಿಂತು “ಆಂಟಿ, ಒಂದು ಸೆಲ್ಫಿ” ಅನ್ನುತ್ತಿದ್ದರು. ಮಗ ಕೆಲಸ ಮಾಡುವ ಗ್ಯಾರೇಜಿನಲ್ಲಿ ಎಲ್ಲರಿಗೂ ಫೋಟೋ ತೋರಿಸಿ ಬಂದ. ದೊಡ್ಡಮ್ಮ ಕೂದಲಿಗೆ ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿಕೊಂಡು ಕೆಲಸಕ್ಕೆ ಹೋಗಲು ಶುರುಮಾಡಿದಳು. ರೇಡಿಯೋ ನೋಡಿ, “ಏನ್ ದೊಡ್ಡಮ್ಮ, ಕಕ್ಕಸಿಗೆ ಮದುವಣಗಿತ್ತಿ ಬಂದಂಗೆ ಬರ್ತೀಯಾ,” ಎಂದು ಕಾಲೆಳೆದಳು.

ಹೊಡೆತ ಬಿದ್ದದ್ದು ಆಮೇಲೆ.

ಮುಂದಿನ ವಾರ ಫೋನತ್ತೆ ಹೊಸ ವೇಷ ಹಾಕಿಕೊಂಡು ಬಂದಳು. ಆ್ಯಪ್ ತೆರೆದರೆ ಮೊದಲಿಗೆ ದೊಡ್ಡಮ್ಮನ ನಗುಮುಖ. ಕೆಳಗೆ ‘ದೊಡ್ಡಮ್ಮನ ವೇಗ’ ಎಂದು ಬರೆದಿತ್ತು. ಇನ್ನು ಮೇಲೆ ಎಲ್ಲರೂ ಅದೇ ವೇಗದಲ್ಲಿ ತೊಳೆಯಬೇಕು. ವಯಸ್ಸಾದವಳಿಗೇ ಆಗುತ್ತದೆ ಅಂದಮೇಲೆ ನಿಮಗೇನು ಧಾಡಿ ಎಂದು ಸೀಟಿ ಕೇಳಿದ. ಸ್ವಲ್ಪ ತಡವಾದರೆ ಫೋನು ಕುಂಯ್ ಅನ್ನುವ ಬದಲು ದೊಡ್ಡಮ್ಮನ ಮುಖ ಎದ್ದು ಬರುತ್ತಿತ್ತು. ‘ದೊಡ್ಡಮ್ಮ ಆಗಿದ್ದರೆ ಇಷ್ಟರಲ್ಲಿ ಮುಗಿಸಿರುತ್ತಿದ್ದರು!’ ಎಂದು ಯಾವಳೋ ಹುಡುಗಿಯ ದನಿ ಉಲಿಯುತ್ತಿತ್ತು.

ಅದಕ್ಕಿಂತ ದೊಡ್ಡ ಅನಾಹುತ ಇನ್ನೊಂದು. ಒಂದೊಂದು ಕಕ್ಕಸು ತೊಳೆದಾಗಲೂ ಅದರ ಮುಂದೆ ನಿಂತು, ನಗುತ್ತಾ, ತಮ್ಮ ಮುಖದ ಫೋಟೋ ಹಾಕಬೇಕು ಎಂಬ ನಿಯಮ ಬಂತು. ಮುಖವಿಲ್ಲದೆ ಹಸಿರು ಗುರುತಿಲ್ಲ. ನಗದಿದ್ದರೂ ಇಲ್ಲ, ‘ಇನ್ನೊಂಚೂರು ನಗು’ ಎಂದು ಫೋನು ಹಿಂದಕ್ಕೆ ಕಳಿಸುತ್ತಿತ್ತು. ಕಂಪನಿಗೆ ಊರಿಗೆಲ್ಲ ತೋರಿಸಲು ನಗುಮುಖಗಳು ಬೇಕಾಗಿದ್ದವು. ಫೋನನ್ನು ಇನ್ನೊಬ್ಬಳಿಗೆ ಕೊಡಬಹುದು. ಮುಖವನ್ನು ಕೊಡುವುದು ಹೇಗೆ? ಅತ್ತೇನ ನೋಡ್ಕೊಳ್ಳೋದು ಅಲ್ಲಿಗೆ ನಿಂತಿತು. ಮತ್ತೆ ಎಲ್ಲರೂ ತೊಡೆ ಬಿಗಿಹಿಡಿದು ನಿಂತರು. ಈ ಸಲ ಹಲ್ಲು ಬಿಟ್ಟುಕೊಂಡು.

ಹೆಂಗಸರು ದೊಡ್ಡಮ್ಮನ ಜೊತೆ ಮಾತು ಕಡಿಮೆ ಮಾಡಿದರು. ತಪ್ಪು ಅವಳದಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ದಿನವಿಡೀ ಅದೇ ಮುಖ ಜೇಬಿನಿಂದ ಎದ್ದು ಮೂದಲಿಸುತ್ತಿದ್ದರೆ ಊಟದ ಹೊತ್ತಿಗೆ ಅದೇ ಮುಖದ ಎದುರು ಕೂತು ಡಬ್ಬಿ ಬಿಚ್ಚುವ ಮನಸ್ಸು ಯಾರಿಗೆ ಬರುತ್ತದೆ? ದೊಡ್ಡಮ್ಮ ಮೆಟ್ಟಿಲ ಮೇಲೆ ಒಬ್ಬಳೇ ಕೂತು ತಿಂದಳು. ಅವಳನ್ನೂ ಫೋನು ಬಿಡುತ್ತಿರಲಿಲ್ಲ. ‘ದೊಡ್ಡಮ್ಮ ಆಗಿದ್ದರೆ ಇಷ್ಟರಲ್ಲಿ ಮುಗಿಸಿರುತ್ತಿದ್ದರು!’ ಎಂದು ದೊಡ್ಡಮ್ಮನಿಗೇ ಹೇಳುತ್ತಿತ್ತು. “ನಾನೇ ಕಣೇ ದೊಡ್ಡಮ್ಮ, ನಿನ್ನ ಬಾಯಿಗೆ ಮಣ್ಣು ಹಾಕ,” ಎಂದು ಅವಳು ಜೇಬಿಗೆ ಬೈಯುತ್ತಿದ್ದಳು.

ಆಮೇಲೆ ಸೊಸೆಯ ಸರದಿ.

ಅವತ್ತು ಒಂಬತ್ತನೇ ಮಹಡಿಯಲ್ಲಿ ಯಾವುದೋ ಸಭೆ. ಜನ ಹೆಚ್ಚು, ಕಕ್ಕಸಿಗೆ ಓಡಾಟ ಹೆಚ್ಚು. ಸೊಸೆ ಬೆಳಗಿನಿಂದ ಕೆಳಗಿಳಿದಿರಲಿಲ್ಲ. ಕಿಬ್ಬೊಟ್ಟೆ ಕಲ್ಲಾಗಿತ್ತು. ಒಂದು ತೊಳೆದು ನಕ್ಕಳು, ಇನ್ನೊಂದು ತೊಳೆದು ನಕ್ಕಳು. ಮೂರನೆಯದಕ್ಕೆ ಬಕೆಟ್ ಎತ್ತಿಕೊಂಡು ಓಣಿಯಲ್ಲಿ ಹೋಗುವಾಗ ಬಕೆಟ್ಟಿನ ಭಾರಕ್ಕೆ ತಡೆದುಕೊಂಡದ್ದು ತಪ್ಪಿಹೋಯಿತು. ಕಾಲಿನ ಒಳಗಡೆಯಿಂದ ಬಿಸಿಯಾಗಿ ಇಳಿಯಿತು. ನಿಲ್ಲಿಸಲು ನೋಡಿದಳು, ಆಗಲಿಲ್ಲ. ಪ್ಯಾಂಟು ಒದ್ದೆಯಾಯಿತು, ಚಪ್ಪಲಿ ತುಂಬಿತು, ಬೆಳ್ಳಗೆ ಹೊಳೆಯುವ ನೆಲದ ಮೇಲೆ ಹರಡಿತು. ಮೂವತ್ತರ ಹೆಂಗಸು, ಒಂದು ಮಗುವಿನ ತಾಯಿ, ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ಅವಳು ಪೊರಕೆ ಇಡುವ ಕೋಣೆಗೆ ಓಡಿ ಬಾಗಿಲು ಹಾಕಿಕೊಂಡಳು.

ಯಾರೋ ಬಂದವರು ನೆಲ ನೋಡಿದರು. ಫೋಟೋ ಹೊಡೆದು ಆ್ಯಪಿಗೆ ದೂರು ಹಾಕಿದರು. ‘ಒಂಬತ್ತನೇ ಮಹಡಿ. ದ್ರವ ಚೆಲ್ಲಿದೆ. ತಕ್ಷಣ ಸ್ವಚ್ಛಗೊಳಿಸಿ.’ ಫೋನತ್ತೆ ಹತ್ತಿರದಲ್ಲಿ ಯಾರಿದ್ದಾರೆ ಎಂದು ಹುಡುಕಿದಳು. ಸೊಸೆಯ ಒದ್ದೆ ಜೇಬಿನಲ್ಲೇ ಫೋನು ಬಡಿದುಕೊಂಡಿತು. ಮೇಲೆ ಅತ್ತೆಯ ನಗುಮುಖ.

ಸೊಸೆ ಹೊರಗೆ ಬಂದಳು. ಒದ್ದೆ ಬಟ್ಟೆಯಲ್ಲೇ ಮೊಣಕಾಲೂರಿ ತನ್ನದನ್ನು ತಾನೇ ಒರೆಸಿದಳು. ಎರಡೂ ಕಡೆಯಿಂದ ಜನ ಕಾಫಿ ಲೋಟ ಹಿಡಿದು ದಾಟಿಕೊಂಡು ಹೋದರು. ಒರೆಸಿ ಮುಗಿದ ಮೇಲೆ ಫೋನು ಫೋಟೋ ಕೇಳಿತು. ‘ಇನ್ನೊಂಚೂರು ನಗು’ ಅಂದಿತು. ನಕ್ಕಳು. ಹಸಿರು ಗುರುತು ಬಿತ್ತು.

ಮನೆಗೆ ಬಂದು ಅವಳು ಸ್ನಾನದ ಮನೆಯಿಂದ ಬಹಳ ಹೊತ್ತು ಹೊರಗೆ ಬರಲಿಲ್ಲ. ದೊಡ್ಡಮ್ಮ ಟೀ ಮಾಡಿಟ್ಟು ಬಾಗಿಲ ಹತ್ತಿರ ಕಾಯುತ್ತಾ ಕೂತಳು. ಅವಳಿಗೆ ರೇಡಿಯೋ ಎಲ್ಲ ಹೇಳಿದ್ದಳು.

“ಟೀ ಆರಿಹೋಗ್ತಿದೆ ಕಣೇ.”

“ನನಗೆ ಬೇಡ. ಏನೂ ಕುಡಿಯಲ್ಲ ನಾನು.”

“ಮನೇಲಾದ್ರೂ ಕುಡಿಯೇ. ಸಾಯ್ತೀಯಾ.”

ಬಾಗಿಲು ತೆರೆಯಿತು. ಸೊಸೆಯ ಕಣ್ಣು ಕೆಂಪಗಿತ್ತು. “ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ ಅತ್ತೆ. ನಿಮ್ಮ ಮುಖ ಕಂಡ್ರೆ ಮೈ ಉರಿಯುತ್ತೆ ನನಗೆ. ನಿಮ್ಮ ಮೇಲೆ ಸಿಟ್ಟಿಲ್ಲ. ಫೋನಲ್ಲಿರೋ ಆ ಮುಖ. ಅವತ್ತು ನಾನೇ ನಿಮ್ಮ ಫೋನ್ ಹೊತ್ಕೊಂಡು ಓಡಾಡಿದ್ದು. ಅದೆಲ್ಲ ನನ್ನ ಕಾಲಿನ ಓಟ. ಈಗ ಅದೇ ನನ್ನ ಬೆನ್ನಿಗೆ ಬೀಳ್ತಿದೆ.”

ದೊಡ್ಡಮ್ಮನಿಗೆ ಎಣ್ಣೆ ಹಚ್ಚಿ ಬಾಚಿಕೊಂಡ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಅದೇ ವಾರ ಕಂಪನಿಯಲ್ಲಿ ‘ಕೃತಜ್ಞತಾ ದಿನ’ ಎಂದು ಒಂದು ಸಮಾರಂಭ ಇಟ್ಟುಕೊಂಡಿದ್ದರು. ದೊಡ್ಡ ಸಾಹೇಬ ಖುದ್ದಾಗಿ ದೊಡ್ಡಮ್ಮನಿಗೆ ಪ್ರಶಸ್ತಿ ಕೊಡುವುದು, ಎಲ್ಲ ಬ್ರಾಂಚುಗಳವರೂ ಫೋನಿನಲ್ಲಿ ನೋಡುವುದು. ದೊಡ್ಡಮ್ಮ ಹೆಂಗಸರನ್ನೆಲ್ಲ ಬ್ಯಾಗಿನ ಕೋಣೆಯಲ್ಲಿ ಸೇರಿಸಿ, “ನಾನು ಅವತ್ತು ನಿಜ ಹೇಳ್ಬಿಡ್ತೀನಿ,” ಅಂದಳು.

ರೇಡಿಯೋ ಹೌಹಾರಿದಳು. ಯಾವಾಗಲೂ ಬಾಯಿ ಬಿಡುವವಳು ಬಾಯಿಗೆ ಬೀಗ ಹಾಕು ಅನ್ನತೊಡಗಿದಳು. “ಮೋಸ ಮಾಡಿದ್ರಿ ಅಂತ ಎಲ್ಲರನ್ನೂ ಬೀದಿಗೆ ತಳ್ತಾರೆ ದೊಡ್ಡಮ್ಮ. ನಿನಗೇನು, ಮಗ ಇದ್ದಾನೆ. ನನಗ್ಯಾರಿದ್ದಾರೆ?”

“ತಪ್ಪು ನನ್ನ ಒಬ್ಬಳದೇ ಅಂತ ಹೇಳ್ತೀನಿ. ಫೋನ್ ಕೊಟ್ಟವಳು ನಾನು ತಾನೇ.”

“ತಗೊಂಡವರು ಯಾರು ಅಂತ ಕೇಳಲ್ವಾ?”

ಅಷ್ಟರಲ್ಲಿ ಸೊಸೆ, “ನಾನು ತಗೊಂಡೆ ಅಂತ ನಾನೂ ಹೇಳ್ತೀನಿ,” ಅಂದಳು. “ಕೆಲಸ ಹೋದ್ರೆ ಹೋಗ್ಲಿ. ಇನ್ನೊಂದು ಸಲ ನಾನು ನಿಂತಲ್ಲೇ ಹೊಯ್ಕೊಂಡು ಹಲ್ಲು ಬಿಡಲ್ಲ.” ರೇಡಿಯೋ ಗೋಡೆ ಕಡೆ ತಿರುಗಿ ಕೂತಳು.

ಸಮಾರಂಭದ ದಿನ ಎಚ್‌ಆರ್ ಮೇಡಂ ಬೆಳಗಿನಿಂದ ದೊಡ್ಡಮ್ಮನನ್ನು ಹಿಡಿದು ಕೂರಿಸಿಕೊಂಡಿದ್ದಳು. ಹೇಳಬೇಕಾದದ್ದು ಎರಡೇ ಮಾತು. ‘ಕಂಪನಿ ನನ್ನ ಮನೆ. ಕೆಲಸ ನನ್ನ ಉಸಿರು.’ ದೊಡ್ಡಮ್ಮ ಗಿಣಿಯ ಹಾಗೆ ಒಪ್ಪಿಸಿದಳು. ಮೇಡಂಗೆ ಸಮಾಧಾನವಿಲ್ಲ, ಇನ್ನೊಮ್ಮೆ, ಮತ್ತೊಮ್ಮೆ, ಸ್ವಲ್ಪ ಕಣ್ಣಲ್ಲಿ ನೀರು ಬರಲಿ ಅನ್ನುತ್ತಿದ್ದಳು. ಆ ಗಡಿಬಿಡಿಯಲ್ಲಿ ಮೇಡಂಗೂ ಒಂದು ಗಳಿಗೆ ಎದ್ದು ಹೋಗಲು ಪುರುಸೊತ್ತಾಗಲಿಲ್ಲ. ದೊಡ್ಡಮ್ಮನಿಗಂತೂ ಎರಡು ಸಲ ಹೋಗುವಷ್ಟಾಗಿತ್ತು.

ಸಮಾರಂಭದ ದೊಡ್ಡ ಹಾಲ್. ವೇದಿಕೆಯ ಮೇಲೆ ಗಾಜಿನ ಮೇಜು, ಹೂವು, ಮೂರು ಕಾಲಿನ ಕಡ್ಡಿಯ ಮೇಲೆ ಫೋನು. ಹಿಂದೆ ಗೋಡೆಯಷ್ಟಗಲದ ಪರದೆ. ನೋಡುತ್ತಿರುವವರು ಒತ್ತಿದ ಹೃದಯಗಳು ಅದರಲ್ಲಿ ಗುಳ್ಳೆಗಳ ಹಾಗೆ ಮೇಲೇಳುತ್ತಿದ್ದವು. ಗುತ್ತಿಗೆ ಹೆಂಗಸರನ್ನು ಕೊನೆಯ ಗೋಡೆಗೆ ಸಾಲಾಗಿ ನಿಲ್ಲಿಸಿದ್ದರು, ಚಪ್ಪಾಳೆ ಹೊಡೆಯಲು. ಸಾಹೇಬ ದೊಡ್ಡಮ್ಮನ ಕೈಗೆ ಅವಳದೇ ಮುಖದ ದೊಡ್ಡ ಕಟ್ಟು ಹಾಕಿದ ಫೋಟೋ ಕೊಟ್ಟು, ಇನ್ನೊಂದು ಕೈಗೆ ಮೈಕು ಹಿಡಿಸಿದ.

“ಹೇಳಿ ತಾಯಿ, ನಮಗೂ ಸ್ವಲ್ಪ ಹೇಳಿಕೊಡಿ. ಇಡೀ ದಿನ ಒಂದು ನಿಮಿಷ ಕೂರದೆ ಹೇಗೆ ಕೆಲಸ ಮಾಡ್ತೀರಾ?”

ಎದುರು ಕೂತ ಎಚ್‌ಆರ್ ಮೇಡಂ ತುಟಿಯಲ್ಲೇ ‘ಕಂಪನಿ ನನ್ನ ಮನೆ’ ಎಂದು ತೋರಿಸಿದಳು. ದೊಡ್ಡಮ್ಮ ತೊಡೆಗೆ ತೊಡೆ ಒತ್ತಿ ನಿಂತಳು. ಹೆದರಿಕೆಗೋ ಉಚ್ಚೆಗೋ ಅವಳಿಗೇ ತಿಳಿಯಲಿಲ್ಲ.

“ನಾನು ಕೂತಿದ್ದೆ ಸಾರ್.”

“ಏನಮ್ಮ?”

“ಕೂತಿದ್ದೆ. ಕೆಳಗೆ ಬೇಸ್‌ಮೆಂಟಿನ ಕಕ್ಕಸಲ್ಲಿ ಕೂತಿದ್ದೆ. ನನಗೆ ಸಕ್ಕರೆ ಕಾಯಿಲೆ, ಉಚ್ಚೆ ಜಾಸ್ತಿ. ಓಡಾಡಿದ್ದು ನನ್ನ ಫೋನು. ನಿಮ್ಮ ಪ್ರಶಸ್ತಿ ಅದಕ್ಕೆ ಕೊಡಿ.”

ಮುಂದಿನ ಸಾಲಿನಲ್ಲಿ ಯಾರೋ ನಕ್ಕರು, ಕೂಡಲೇ ನಿಲ್ಲಿಸಿದರು. ಹಿಂದಿನ ಪರದೆಯಲ್ಲಿ ಹೃದಯಗಳು ಏಳುತ್ತಲೇ ಇದ್ದವು. ಕಿವಿ ಎಲ್ಲೋ, ಬೆರಳು ಎಲ್ಲೋ. ಸಾಹೇಬ ನಗುಮುಖ ಬಿಡದೆ, “ತಮಾಷೆ ಮಾಡ್ತಾರೆ ನಮ್ಮ ದೊಡ್ಡಮ್ಮ,” ಅಂದ.

“ತಮಾಷೆ ಅಲ್ಲ. ಮೇಲೆ ಕೂತ್ರೆ ಚಪ್ಪಲಿ ಫೋಟೋ ತೆಗೀತೀರಾ. ಕೆಳಗೆ ಹೋದ್ರೆ ನಾಪತ್ತೆ ಅಂತೀರಾ. ಇನ್ನೆಲ್ಲಿ ಹೊಯ್ಯೋದು, ನೀವೇ ಹೇಳಿ. ಲಿಫ್ಟಲ್ಲಿ ನನ್ನ ಕಂಡು ಅತ್ರಿ ಅಂತ ಬರೆದಿದ್ದೀರಲ್ಲ, ಯಾವ ಲಿಫ್ಟಲ್ಲಿ? ಮೊನ್ನೆ ನನ್ನ ಸೊಸೆ ನಿಂತಲ್ಲೇ ಹೊಯ್ಕೊಂಡ್ಲು. ಅವಳ ಕೈಯಲ್ಲೇ ಒರೆಸಿದ್ರಿ. ಒರೆಸಿದ ಮೇಲೆ ನಗು ಅಂದ್ರಿ. ಆಗ ಎಲ್ಲಿ ಹೋಗಿತ್ತು ನಿಮ್ಮ ಅಳು?”

ಸಾಹೇಬ ಮೈಕಿಗೆ ಕೈ ಚಾಚಿದ. ದೊಡ್ಡಮ್ಮ ಕೊಡಲಿಲ್ಲ. ಅವಳ ಕೈ ಬಕೆಟ್ ಎತ್ತಿ ಎತ್ತಿ ಗಟ್ಟಿಯಾದ ಕೈ, ಸಾಹೇಬನದು ಹೃದಯ ಒತ್ತಿದ ಕೈ. ಕಟ್ಟು ಹಾಕಿದ ಫೋಟೋವನ್ನು ಮೇಜಿನ ಮೇಲೆ ಮಗುಚಿಟ್ಟಳು.

“ಈ ಮುಖ ನಂದು. ಇದನ್ನ ಫೋನಿಂದ ತೆಗೀರಿ. ಇದನ್ನ ತೋರಿಸಿ ನನ್ನ ಮಕ್ಕಳನ್ನ ಓಡಿಸಬೇಡಿ. ಇನ್ನೂ ಬೇಕಾದಷ್ಟಿದೆ ಹೇಳೋಕೆ, ಆದ್ರೆ ನನಗೀಗ ಅರ್ಜೆಂಟು.”

ಮೈಕು ಮೇಜಿಗೆ ಬಿತ್ತು. ದೊಡ್ಡಮ್ಮ ವೇದಿಕೆ ಇಳಿದು, ಹಾಲಿನ ಬಾಗಿಲು ದಾಟಿ, ಓಣಿಯ ಕೊನೆಯ ‘ಸಿಬ್ಬಂದಿಗೆ ಮಾತ್ರ’ ಹಲಗೆಯ ಕೆಳಗೆ ನಿಂತಳು. ಒಂದು ಸಲ ಹಿಂದೆ ನೋಡಿದಳು. ಆಮೇಲೆ ತಳ್ಳಿಕೊಂಡು ಒಳಗೆ ಹೋದಳು. ಆ ಮಹಡಿಯಲ್ಲಿ ಹೆಂಗಸರಿಗೆ ಇದ್ದ ಕೋಣೆ ಒಂದೇ, ಒಳಗೆ ಕಕ್ಕಸು ಎರಡು. ಒಂದು ಬೆಳಗಿನಿಂದ ಕಟ್ಟಿಕೊಂಡಿತ್ತು. ಇನ್ನೊಂದರೊಳಗೆ ಹೋಗಿ ಚಿಲಕ ಹಾಕಿಕೊಂಡಳು. ಎಷ್ಟು ಚೆನ್ನಾಗಿ ಬೀಳುತ್ತಿತ್ತು ಆ ಚಿಲಕ!

ಕೂತಳು. ಅಬ್ಬಾ ಎಂದಳು, ಜೋರಾಗಿಯೇ.

ಹೊರಗೆ ಗದ್ದಲ ಕೇಳುತ್ತಿತ್ತು. ಓಡಾಡುವ ಕಾಲುಗಳು. ಆಮೇಲೆ ಸೀಟಿ ಹೊಡೆದ ಸದ್ದು, ಹೊರಬಾಗಿಲನ್ನು ಬಡಿದ ಸದ್ದು.

“ಏಯ್ ದೊಡ್ಡಮ್ಮ! ಆಚೆ ಬಾ!”

“ಇರಪ್ಪ, ಇನ್ನೂ ಆಗಿಲ್ಲ.”

“ನಾಳೆಯಿಂದ ನಿನಗೆ ಕೆಲಸ ಇಲ್ಲ!”

“ಸರಿ. ಹಾಗಾದ್ರೆ ಇವತ್ತು ನಿಧಾನಕ್ಕೆ ಬರ್ತೀನಿ.”

ಹೊರಗೆ ನಗು ಕೇಳಿತು. ಒಬ್ಬರದಲ್ಲ, ಬಹಳ ಜನರದು. ಅದರಲ್ಲಿ ರೇಡಿಯೋಳ ನಗು ಬೇರೆಯಾಗಿ ಗೊತ್ತಾಯಿತು. ದೊಡ್ಡಮ್ಮನಿಗೆ ಕಣ್ಣಲ್ಲಿ ನೀರು ಬಂತು. ಬೆಳಗಿನಿಂದ ಮೇಡಂ ಎಷ್ಟು ಹೇಳಿದರೂ ಬಾರದ್ದು ಈಗ ಕೂತಲ್ಲೇ ಧಾರಾಕಾರ ಬಂತು.

ಅವಳು ಎದ್ದು, ನೀರು ಬಿಟ್ಟು, ಕೈ ತೊಳೆದು, ಒದ್ದೆ ಕೈಯನ್ನು ಸಮವಸ್ತ್ರಕ್ಕೆ ಒರೆಸಿಕೊಂಡು ಬಾಗಿಲು ತೆರೆದಳು. ಓಣಿಯಲ್ಲಿ ಹೆಂಗಸರು ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಸೊಸೆ, ಅವಳ ಹಿಂದೆ ರೇಡಿಯೋ, ಆಮೇಲೆ ಉಳಿದವರು, ಹಾಲಿನ ಬಾಗಿಲಿನವರೆಗೆ. ಯಾರ ಜೇಬಿನಲ್ಲೂ ಫೋನಿರಲಿಲ್ಲ. ಎಲ್ಲವನ್ನೂ ಸಾಹೇಬನ ಗಾಜಿನ ಮೇಜಿನ ಮೇಲೆ, ಹೂವಿನ ಪಕ್ಕ ರಾಶಿ ಹಾಕಿ ಬಂದಿದ್ದರು. ಅವು ಅಲ್ಲಿಂದಲೇ ಬಡಿದುಕೊಳ್ಳುತ್ತಿದ್ದವು.

ಸೀಟಿ ಸಾಲಿನ ಪಕ್ಕ ಓಡಾಡುತ್ತಾ, “ಎಲ್ಲರದೂ ಕೆಲಸ ಹೋಗುತ್ತೆ ನೋಡ್ರೇ,” ಅನ್ನುತ್ತಿದ್ದ.

“ಹೋಗ್ಲಿ ಬಿಡಣ್ಣ,” ಅಂದಳು ರೇಡಿಯೋ. ಜಾಗ ಬಿಟ್ಟು ಕದಲಲಿಲ್ಲ. “ನಾಳೆಯಿಂದ ಇದನ್ನೆಲ್ಲ ನೀನೇ ಉಜ್ಜು. ಉಜ್ಜಿ ಆದ್ಮೇಲೆ ನಗೋದು ಮರೀಬೇಡ.”

ಅಷ್ಟರಲ್ಲಿ ಹಾಲಿನ ಕಡೆಯಿಂದ ಎಚ್‌ಆರ್ ಮೇಡಂ ಬಂದಳು. ಮುಖ ಬಿಳಿಚಿಕೊಂಡಿತ್ತು. ಬೈಯಲು ಬಂದಳು ಎಂದುಕೊಂಡು ಎಲ್ಲರೂ ಬಿಗಿಯಾದರು. ಮೇಡಂ ಬೈಯಲಿಲ್ಲ. ಸಣ್ಣ ಸಣ್ಣ ಹೆಜ್ಜೆ ಇಡುತ್ತಾ, ಮೊಣಕಾಲಿಗೆ ಮೊಣಕಾಲು ಒತ್ತಿಕೊಂಡು, ಸಾಲನ್ನು ದಾಟಿ ನೇರ ಬಾಗಿಲಿನವರೆಗೆ ಬಂದಳು. ಆ ನಡಿಗೆ ಯಾತರದ್ದು ಎಂದು ಅಲ್ಲಿದ್ದ ಒಬ್ಬೊಬ್ಬಳಿಗೂ ಗೊತ್ತಿತ್ತು.

“ಆಂಟಿ, ಪ್ಲೀಸ್. ಸ್ವಲ್ಪ ಜಾಗ ಬಿಡಿ. ಬೆಳಗ್ಗೆಯಿಂದ ಹೋಗೇ ಇಲ್ಲ.”

ದೊಡ್ಡಮ್ಮ ಬಾಗಿಲನ್ನು ಹಿಡಿದುಕೊಂಡು ಅವಳನ್ನು ನೋಡಿದಳು. ಪಾಪ ಅನ್ನಿಸಿತು. ನಿಜವಾಗಿಯೂ ಅನ್ನಿಸಿತು. ಆದರೂ ಸೊಸೆಯನ್ನು ಕೈ ಹಿಡಿದು ಒಳಗೆ ಕಳಿಸಿ, ಬಾಗಿಲನ್ನು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

“ಗೊತ್ತಾಗುತ್ತೆ ಕಣಮ್ಮ, ಕಷ್ಟ,” ಅಂದಳು. “ಹೋಗು, ಲೈನಲ್ಲಿ ನಿಂತ್ಕೋ.”

ಮೇಡಂ ಸಾಲಿನ ಉದ್ದಕ್ಕೂ ಒಂದು ಸಲ ನೋಡಿದಳು. ಆಮೇಲೆ ಹೋಗಿ ಕೊನೆಯಲ್ಲಿ ನಿಂತಳು.